ಪಾರ್ಸಲ್‌ನಲ್ಲಿ ಸೇಬಿನ ಗಿಡ ಬರುತ್ತೆ, ಚಳಿ ಬರುತ್ತಾ?

ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಈಗ ಸೇಬಿನ ಜ್ವರ ಹಿಡಿದಿದೆ. ದೊಡ್ಡಬಳ್ಳಾಪುರದ ಬಸ್ಸು ಹತ್ತಿದರೆ ಪಕ್ಕದ ಸೀಟಿನವರ ಮೊಬೈಲಿನಲ್ಲಿ ಸೇಬು. ಹೊಸಕೋಟೆಯ ಟೀ ಅಂಗಡಿ ಮುಂದೆ ನಿಂತರೆ ಅಲ್ಲೂ ಸೇಬಿನ ಮಾತು. ಕುಂಡದಲ್ಲಿ ಮೂರಡಿ ಗಿಡ, ಗಿಡದ ತುಂಬ ಕೆಂಪು ಕೆಂಪು ಹಣ್ಣು, ಕೆಳಗೊಂದು ಫೋನ್ ನಂಬರು. ‘ಈಗಲೇ ಆರ್ಡರ್ ಮಾಡಿ, ಮನೆ ಬಾಗಿಲಿಗೇ ಗಿಡ’ ಎಂಬ ಒಕ್ಕಣೆ ಬೇರೆ!

ಹಿಂದೆ ಗಿಡ ಬೇಕೆಂದರೆ ಲಾಲ್‌ಬಾಗಿಗೆ ಹೋಗಬೇಕಿತ್ತು, ಇಲ್ಲವೇ ಜಾತ್ರೆ ಸಂತೆಯಲ್ಲಿ ಕೊಳ್ಳಬೇಕಿತ್ತು. ಮಾರುವವನ ಮುಖ ಕಾಣುತ್ತಿತ್ತು. ಗಿಡದ ಬುಡ ಅಲ್ಲಾಡಿಸಿ ನೋಡಬಹುದಿತ್ತು. ಈಗ ಫೋನಿನಲ್ಲೇ ದುಡ್ಡು ಹೋಗುತ್ತದೆ, ವಾರದ ಮೇಲೆ ಪಾರ್ಸಲ್ ಬರುತ್ತದೆ. ನಡುವೆ ಇರುವವನು ಯಾರು, ಅವನ ನರ್ಸರಿ ಎಲ್ಲಿದೆ, ಅದು ನಿಜವಾಗಿ ನರ್ಸರಿಯೋ ಅಥವಾ ಬರೀ ಒಂದು ಮೊಬೈಲೋ ಎಂಬುದು ದೇವರಿಗೇ ಗೊತ್ತು.

ಹಾಗಂತ ಎಲ್ಲರೂ ಮೋಸಗಾರರು ಅಂತಲ್ಲ. ಒಳ್ಳೆಯ ನರ್ಸರಿಗಳೂ ಇವೆ, ಪಾರ್ಸಲ್‌ನಲ್ಲಿ ಬಂದ ಗಿಡ ಚೆನ್ನಾಗಿ ಹತ್ತಿದ್ದೂ ಇದೆ. ಒಳ್ಳೆಯದನ್ನು ಆರಿಸುವುದು ಹೇಗೆ ಎಂಬುದೇ ಪ್ರಶ್ನೆ.

ಚೀಟಿ ದುಡ್ಡು, ಅರ್ಧ ಎಕರೆ

ದೊಡ್ಡಬಳ್ಳಾಪುರ ಬಸ್ ನಿಲ್ದಾಣದ ಹತ್ತಿರ ದಿನಸಿ ಅಂಗಡಿ ಇಟ್ಟಿರುವ ಯಜಮಾನರೊಬ್ಬರು ಮೊನ್ನೆ ಹಿಡಿದು ನಿಲ್ಲಿಸಿದರು. ಊರ ಹೊರಗೆ ಅರ್ಧ ಎಕರೆ ಉಳಿದಿದೆಯಂತೆ. ರಾಗಿ ಹಾಕಿದರೆ ಕೂಲಿಗೂ ಗಿಟ್ಟುವುದಿಲ್ಲ ಎಂಬುದು ಅವರ ದೂರು. ಚೀಟಿ ಎತ್ತಿದ ದುಡ್ಡು ಕೈಯಲ್ಲಿದೆ.

“ಪೇಪರ್‌ನೋರು ನೀವು, ಊರೂರು ಸುತ್ತೋರು. ಯಾವ ನರ್ಸರಿ ಒಳ್ಳೇದು, ಒಂದು ಹೆಸರು ಹೇಳಿಬಿಡಿ ಸಾರ್. ನೂರು ಗಿಡ ತರಿಸಿಬಿಡ್ತೀನಿ.”

“ಯಾವ ತಳಿ ತರಿಸ್ತೀರಿ ಯಜಮಾನ್ರೇ?”

“ಸೇಬು ಸಾರ್. ಸೇಬಲ್ಲಿ ಏನು ತಳಿ? ಕೆಂಪಗಿರೋದು!”

“ಮನೇಲಿ ಏನಂತಾರೆ?”

“ನಮ್ಮನೆಯೋಳು ಬೇಡ ಅಂತಾಳೆ. ಆ ದುಡ್ಡಲ್ಲಿ ಅಂಗಡಿಗೆ ಒಂದು ಫ್ರಿಜ್ ತಗೊಳ್ಳಿ ಅಂತಾಳೆ.”

ನಕ್ಕು ಬಿಡುವ ಮಾತಲ್ಲ ಇದು. ಗಿಡಕ್ಕೆ 300 ರೂಪಾಯಿ ಅಂತ ಇಟ್ಟುಕೊಳ್ಳಿ. 100 ಗಿಡಕ್ಕೆ 30,000 ಆಯಿತು. ಗುಣಿ ತೋಡಿಸುವ ಕೂಲಿ, ಗೊಬ್ಬರ, ಡ್ರಿಪ್ ಪೈಪು, ಬೇಲಿ ಎಲ್ಲ ಸೇರಿದರೆ ಗಿಡದ ಬೆಲೆಯನ್ನೂ ಮೀರುತ್ತದೆ. ದುಡ್ಡನ್ನಾದರೂ ಮತ್ತೆ ದುಡಿಯಬಹುದು. ಕಸಿ ಗಿಡ ಹಣ್ಣು ಬಿಡಲು ಎರಡು ಮೂರು ವರ್ಷ ಬೇಕು. ಮೂರನೇ ವರ್ಷದಲ್ಲಿ ‘ಇದು ಆ ತಳಿಯೇ ಅಲ್ಲ’ ಎಂದು ಗೊತ್ತಾದರೆ ಆ ಮೂರು ವರ್ಷವನ್ನು ಯಾವ ನರ್ಸರಿಯವನು ವಾಪಸ್ ಕೊಡುತ್ತಾನೆ?

ಅದಕ್ಕೇ ನರ್ಸರಿಯ ಹೆಸರು ಹೇಳುವುದಕ್ಕೆ ಮುಂಚೆ ಸೇಬಿನ ಸ್ವಭಾವ ಹೇಳಬೇಕು. ಅದು ಗೊತ್ತಿದ್ದರೆ ನರ್ಸರಿಯವನಿಗೆ ಏನು ಕೇಳಬೇಕು ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಚಳಿಯ ಲೆಕ್ಕ ಗಂಟೆಯಲ್ಲಿ

ಸೇಬು ಚಳಿ ದೇಶದ ಮರ. ಚಳಿಗಾಲ ಬಂದರೆ ಎಲೆ ಉದುರಿಸಿ ಮಲಗುತ್ತದೆ. ಹೀಗೆ ಮಲಗಿದ ಮರ ಸುಮ್ಮನೆ ಏಳುವುದಿಲ್ಲ. ಇಷ್ಟು ಗಂಟೆ ಚಳಿ ತಿಂದ ಮೇಲೇ ಮೊಗ್ಗು ಬಿಡಬೇಕು ಎಂಬ ಲೆಕ್ಕ ಅದರೊಳಗೇ ಇದೆ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕಳೆದ ಒಂದೊಂದು ಗಂಟೆಯನ್ನೂ ತೋಟಗಾರಿಕೆಯವರು ಲೆಕ್ಕ ಹಾಕುತ್ತಾರೆ. ನಮ್ಮ ಅಂಗಡಿಗಳಿಗೆ ಬರುವ ಶಿಮ್ಲಾ, ಕಾಶ್ಮೀರದ ಕೆಂಪು ಡೆಲಿಷಸ್ ಜಾತಿಗೆ ಇಂಥ ಗಂಟೆ ಸಾವಿರದ ಆಸುಪಾಸು ಬೇಕು. ಸಾವಿರ ಗಂಟೆ ಎಂದರೆ ಹಗಲೂ ರಾತ್ರಿ ಬಿಡದೆ 40 ದಿನಕ್ಕೂ ಮೇಲೆ ಕೊರೆಯುವ ಚಳಿ.

ಈಗ ನಮ್ಮ ಊರಿನ ಲೆಕ್ಕ ನೋಡಿ. ಬೆಂಗಳೂರಿನ ಹವಾಮಾನ ಕಚೇರಿಯ ದಾಖಲೆಯಲ್ಲಿ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ. ಅದೂ ಯಾವಾಗ? 1884ನೇ ಇಸವಿ ಜನವರಿ 13ರಂದು! ಆಮೇಲೆ ಇಲ್ಲಿಯವರೆಗೆ ಅದಕ್ಕಿಂತ ಕೆಳಗೆ ಇಳಿದಿಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರದ ಬಯಲಿನಲ್ಲಿ ನಗರಕ್ಕಿಂತ ಒಂದೆರಡು ಡಿಗ್ರಿ ಕಡಿಮೆ ಇರಬಹುದು. ಬೆಳಗಿನ ಜಾವ ಮಂಜು ಮುಸುಕಬಹುದು, ಹಾಲಿನವನು ಕಿವಿಗೆ ಮಫ್ಲರ್ ಸುತ್ತಿಕೊಳ್ಳಬಹುದು. ನಮಗೆ ಅದು ಚಳಿ. ಸೇಬಿಗೆ ಅದು ಚಳಿಯೇ ಅಲ್ಲ!

ಹೀಗಾಗಿ ಶಿಮ್ಲಾದ ಅಸಲಿ ಗಿಡವನ್ನೇ, ಅಸಲಿ ನರ್ಸರಿಯಿಂದಲೇ, ಅಸಲಿ ಬಿಲ್ಲಿನ ಸಮೇತ ತರಿಸಿದರೂ ಅದು ಇಲ್ಲಿ ಸೊಪ್ಪು ಬಿಟ್ಟುಕೊಂಡು ನಿಲ್ಲಬಹುದೇ ಹೊರತು ಹಣ್ಣು ಬಿಡುವುದು ಕಷ್ಟ. ಗಿಡ ಮಾರಿದವನು ಸುಳ್ಳು ಹೇಳಿರುವುದಿಲ್ಲ. ಕೊಂಡವನು ಕೇಳಿರುವುದಿಲ್ಲ, ಅಷ್ಟೆ.

ಶಿಮ್ಲಾ ಸೇಬೂ ಪಾರ್ಸಲ್ ಸೇಬೇ

ಇನ್ನೊಂದು ಸ್ವಾರಸ್ಯ ಕೇಳಿ. ನಾವು ಶಿಮ್ಲಾ ಸೇಬು ಎಂದು ಕರೆಯುವ ಹಣ್ಣು ಶಿಮ್ಲಾದಲ್ಲಿ ಹುಟ್ಟಿದ್ದಲ್ಲ. ಅದೂ ದೂರದ ನರ್ಸರಿಯಿಂದ ತರಿಸಿದ್ದೇ.

ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬ ಅಮೆರಿಕದವನು 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಭಾರತಕ್ಕೆ ಬಂದ. ಶಿಮ್ಲಾ ಬೆಟ್ಟಗಳ ಕೋಟ್‌ಗಢದಲ್ಲಿ ನೆಲೆ ನಿಂತು ಅಲ್ಲಿಯ ಹುಡುಗಿಯನ್ನೇ ಮದುವೆಯಾದ. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೂ ಹೋಗಿಬಂದು, ಮುಂದೆ ಸತ್ಯಾನಂದ ಎಂದು ಹೆಸರು ಬದಲಿಸಿಕೊಂಡ. ಈ ಮಹಾನುಭಾವ 1916ರಲ್ಲಿ ಅಮೆರಿಕದ ಮಿಸೌರಿಯ ಸ್ಟಾರ್ಕ್ ಸೋದರರ ನರ್ಸರಿಯಿಂದ ಕೆಂಪು ಡೆಲಿಷಸ್ ಸಸಿಗಳನ್ನು ತರಿಸಿ ನೆಟ್ಟ. ಅದಕ್ಕೂ ಮುಂಚೆ 1870ರಲ್ಲೇ ಕುಲು ಕಣಿವೆಯಲ್ಲಿ ಕ್ಯಾಪ್ಟನ್ ಲೀ ಎಂಬಾತ ಇಂಗ್ಲಿಷ್ ತಳಿಗಳ ತೋಟ ಹಾಕಿದ್ದ. ಆದರೆ ನಮ್ಮ ಜನಕ್ಕೆ ಹಿಡಿಸಿದ್ದು ಸ್ಟೋಕ್ಸ್ ತಂದ ಸಿಹಿ ಹಣ್ಣು. ಇವತ್ತು ಹಿಮಾಚಲದ ಹಳ್ಳಿಹಳ್ಳಿಯ ಸಂಸಾರ ನಡೆಯುವುದು ಈ ಸೇಬಿನ ಮೇಲೆ.

ಸ್ಟಾರ್ಕ್ ಸೋದರರದು 1816ರಲ್ಲಿ ಶುರುವಾದ ನರ್ಸರಿ. ಕ್ಯಾಟಲಾಗು ಅಚ್ಚು ಹಾಕಿಸಿ ಅಂಚೆಯಲ್ಲೇ ಗಿಡ ಮಾರಿ ಹೆಸರಾದವರು. ಈ ಡೆಲಿಷಸ್ ಹಣ್ಣು ಅವರ ಕೈಗೆ ಸಿಕ್ಕಿದ್ದು 1893ರ ಒಂದು ಹಣ್ಣಿನ ಸ್ಪರ್ಧೆಯಲ್ಲಿ. ಹಣ್ಣು ಬಹುಮಾನ ಗೆದ್ದಿತು. ಆದರೆ ಕಳಿಸಿದವನ ಹೆಸರು ವಿಳಾಸದ ಚೀಟಿಯೇ ಕಳೆದುಹೋಗಿತ್ತಂತೆ! ಆತ ಮುಂದಿನ ವರ್ಷ ಮತ್ತೆ ಹಣ್ಣು ಕಳಿಸುವ ತನಕ ಅವರು ಕಾಯಬೇಕಾಯಿತು ಎಂದು ಹೇಳುತ್ತಾರೆ. ಅಂಥ ದೊಡ್ಡ ನರ್ಸರಿಗೇ ಚೀಟಿ ಇಲ್ಲದೆ ಹಣ್ಣಿನ ಮೂಲ ಗೊತ್ತಾಗಲಿಲ್ಲ. ಚೀಟಿ ಇಲ್ಲದ ಬರೀ ಕಡ್ಡಿ ನೋಡಿ ನಮಗೇನು ಗೊತ್ತಾದೀತು?

ಸ್ಟೋಕ್ಸ್ ಗೆದ್ದದ್ದು ಎರಡು ಕಾರಣಕ್ಕೆ. ಹೆಸರು, ಮೂಲ ಗೊತ್ತಿದ್ದ ಗಿಡ ತರಿಸಿದ. ಅದಕ್ಕೆ ಬೇಕಾದ ಚಳಿ ಕೋಟ್‌ಗಢದ ಆರೇಳು ಸಾವಿರ ಅಡಿ ಎತ್ತರದಲ್ಲಿ ಪುಕ್ಕಟೆಯಾಗಿ ಇತ್ತು. ನಾವಿರುವುದು ಮೂರು ಸಾವಿರ ಅಡಿಯಲ್ಲಿ. ಗಿಡ ತರಿಸಬಹುದು, ಚಳಿ ತರಿಸಲಾಗದು.

ಹಾಗಾದರೆ ಇಲ್ಲಿ ಸೇಬು ಬೆಳೆಯಲೇ ಇಲ್ಲವೇ?

ಬೆಳೆದಿತ್ತು ಸ್ವಾಮಿ! ಹಿಂದಿನ ಶತಮಾನದ ಮೊದಲ ಭಾಗದಲ್ಲಿ ಬೆಂಗಳೂರಿನ ಸುತ್ತ ರೋಮ್ ಬ್ಯೂಟಿ ಎಂಬ ತಳಿಯ ಸೇಬು ಬೆಳೆಯುತ್ತಿದ್ದರು. ಲಾಲ್‌ಬಾಗಿನಲ್ಲಿ ಕ್ರುಂಬಿಗಲ್, ಅವರ ಬಳಿಕ ಜವರಾಯರು ಇದ್ದ ಕಾಲ ಅದು. ಚಳಿ ಇಲ್ಲದ ಊರಿನಲ್ಲಿ ಮರವನ್ನು ಮಲಗಿಸುವ ಉಪಾಯ ಆಗಿನವರಿಗೆ ಗೊತ್ತಿತ್ತು. ನೀರು ನಿಲ್ಲಿಸುವುದು, ಬುಡ ಕೆದಕಿ ಬೇರಿಗೆ ಬಿಸಿಲು ತೋರಿಸುವುದು, ಎಲೆ ಕೀಳುವುದು. ಬೋಳು ಮಾಡಿದ ಮರ ಚಳಿಗಾಲ ಬಂದು ಹೋಯಿತೆಂದು ತಿಳಿದು ಮತ್ತೆ ಚಿಗುರಿ ಹೂವು ಬಿಡುತ್ತದೆ.

ಇದೇ ವಿದ್ಯೆಯನ್ನು ಇಂಡೋನೇಷ್ಯಾದ ಜಾವಾ ದ್ವೀಪದ ಬಾಟು ಎಂಬ ಊರಿನವರು ಕಸುಬನ್ನೇ ಮಾಡಿಕೊಂಡರು. ಅದು ಭೂಮಧ್ಯ ರೇಖೆಯ ಹತ್ತಿರದ ಊರು, ಚಳಿಗಾಲವೇ ಇಲ್ಲ. ಕೊಯ್ಲು ಮುಗಿದ ಸುಮಾರು ಒಂದು ತಿಂಗಳಿಗೆ ಕೂಲಿಯವರು ಮರ ಮರಕ್ಕೂ ಹೋಗಿ ಕೈಯಲ್ಲೇ ಎಲೆ ಕಿತ್ತು ಹಾಕುತ್ತಾರೆ. ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಅಲ್ಲಿಯೂ ಮೊದಲು ಹೆಸರು ಮಾಡಿದ ತಳಿಗಳಲ್ಲಿ ರೋಮ್ ಬ್ಯೂಟಿ ಒಂದು.

ದೊಡ್ಡಬಳ್ಳಾಪುರ, ದೇವನಹಳ್ಳಿಯ ದ್ರಾಕ್ಷಿ ಬೆಳೆಗಾರರಿಗೆ ಇದು ಹೊಸ ಮಾತಲ್ಲ. ದ್ರಾಕ್ಷಿಯೂ ಚಳಿ ದೇಶದಲ್ಲಿ ಎಲೆ ಉದುರಿಸುವ ಬಳ್ಳಿ. ನಮ್ಮಲ್ಲಿ ಅದನ್ನು ಎಬ್ಬಿಸುವುದು ಚಳಿಯಲ್ಲ, ಕತ್ತರಿ. ಕಡ್ಡಿ ಸವರಿದ ದಿನದಿಂದ ಬೆಳೆಯ ಲೆಕ್ಕ ಶುರು. ಸೇಬಿಗೂ ಅಷ್ಟೇ ಕೈಕೆಲಸ ಬೇಕು. ನೆಟ್ಟು ನೀರು ಬಿಟ್ಟು ಅಂಗಡಿಗೆ ಹೋಗಿ ಕೂತರೆ ಆಗುವ ಬೆಳೆ ಇದಲ್ಲ.

ಮೂರು ಹೆಸರು ನೆನಪಿಡಿ

ಕಡಿಮೆ ಚಳಿಯಲ್ಲೂ ಹೂವು ಬಿಡುವ ತಳಿಗಳಿವೆ. ಬಯಲುಸೀಮೆಗೆಂದು ಪಾರ್ಸಲ್ ನರ್ಸರಿಗಳು ಮಾರುವುದು ಮುಖ್ಯವಾಗಿ ಮೂರು.

ಒಂದು, ಅನ್ನಾ. ಇಸ್ರೇಲಿನ ಐನ್ ಶೆಮರ್ ಎಂಬ ಸಾಮೂಹಿಕ ಬೇಸಾಯದ ಊರಿನಲ್ಲಿ ಹುಟ್ಟಿಸಿದ ತಳಿ. ಮುನ್ನೂರು ಗಂಟೆ ಅಥವಾ ಅದಕ್ಕೂ ಕಡಿಮೆ ಚಳಿ ಸಾಕು ಎನ್ನುತ್ತಾರೆ. ಹಣ್ಣು ಕೆಂಪು ಮೆತ್ತಿದ ಹಸಿರು. ಇದು ಒಂಟಿಯಾಗಿದ್ದರೆ ಸರಿಯಾಗಿ ಕಾಯಿ ಕಚ್ಚುವುದಿಲ್ಲ, ಪಕ್ಕದಲ್ಲಿ ಬೇರೆ ತಳಿಯ ಪರಾಗ ಬೇಕು.

ಎರಡು, ಡಾರ್ಸೆಟ್ ಗೋಲ್ಡನ್. ಬಹಾಮಾ ದ್ವೀಪಗಳ ನಸ್ಸಾವ್‌ನಲ್ಲಿ ಡಾರ್ಸೆಟ್ ಎಂಬ ಹೆಣ್ಣುಮಗಳ ಹಿತ್ತಲಲ್ಲಿ ಸಿಕ್ಕಿದ ತಳಿ. ಹಣ್ಣು ಹಳದಿ. ಇದಕ್ಕೆ ನೂರು ಗಂಟೆ ಸಾಕಂತೆ. ಅನ್ನಾಗೆ ಜೊತೆ ಗಿಡವಾಗಿ ಹಾಕುವುದು ಇದನ್ನೇ.

ಮೂರು, ನಮ್ಮ ದೇಶದ್ದೇ ಆದ ಎಚ್.ಆರ್.ಎಂ.ಎನ್.-99. ಹಿಮಾಚಲದ ಬಿಲಾಸಪುರ ಜಿಲ್ಲೆಯ ಪನಿಯಾಲಾ ಗ್ರಾಮದ ರೈತ ಹರಿಮನ್ ಶರ್ಮಾ 1998ರಲ್ಲಿ ಪೇಟೆಯಿಂದ ತಂದ ಸೇಬು ತಿಂದು ಬೀಜ ಹಿತ್ತಿಲಿಗೆ ಎಸೆದರು. ಮರುವರ್ಷ ಒಂದು ಸಸಿ ಮೊಳೆತಿತ್ತು. ಅವರ ಊರು ಇರುವುದು ಬರೀ 1,800 ಅಡಿ ಎತ್ತರದಲ್ಲಿ, ಅಂದರೆ ನಮಗಿಂತಲೂ ಕೆಳಗೆ. ಅಲ್ಲಿ ಸೇಬು ಬಿಡುವುದಿಲ್ಲ ಎಂದೇ ಎಲ್ಲರ ಮಾತು. ಬಿಟ್ಟಿತು! ಅದರ ಕಡ್ಡಿಯನ್ನು ಪ್ಲಮ್ ಗಿಡಕ್ಕೆ ಕಸಿ ಕಟ್ಟಿ ಬೆಳೆಸಿದರು. ಮುಂದೆ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನದವರು ಈ ತಳಿಯನ್ನು ದೇಶದ ನಾನಾ ರಾಜ್ಯಗಳಲ್ಲಿ ನೆಟ್ಟು ನೋಡಿದರು. 2025ರಲ್ಲಿ ಶರ್ಮಾ ಅವರಿಗೆ ಪದ್ಮಶ್ರೀ ಬಂತು. ಬಿಸಿಲು ತಡೆಯುತ್ತದೆ, ಜೂನ್ ಹೊತ್ತಿಗೆ ಹಣ್ಣು ಕೊಡುತ್ತದೆ ಎಂಬುದು ಇದರ ಹೆಗ್ಗಳಿಕೆ.

ಜೂನ್ ಎಂದರೆ ಅಂಗಡಿಯವರ ಕಿವಿ ನೆಟ್ಟಗಾಗಬೇಕು. ಶಿಮ್ಲಾ ಮಾಲು ಭರ್ತಿಯಾಗಿ ಇಳಿಯುವುದಕ್ಕೆ ಮುಂಚಿನ ಕಾಲ ಅದು. ಆದರೆ ಒಂದು ಮಾತು. ಕಡಿಮೆ ಚಳಿಯ ಈ ಹಣ್ಣು ಹೊರಗೆ ಇಟ್ಟರೆ ಬೇಗ ಮೆತ್ತಗಾಗುತ್ತದೆ. ವ್ಯಾಕ್ಸ್ ಹಚ್ಚಿದ ವಾಷಿಂಗ್‌ಟನ್ ಸೇಬಿನ ಹಾಗೆ ವಾರಗಟ್ಟಲೆ ಮೆರೆಯುವುದಿಲ್ಲ. ಕಿತ್ತ ಕೂಡಲೇ ಮಾರಬೇಕು.

‘ಆಪಲ್’ ಎಂದದ್ದೆಲ್ಲ ಸೇಬಲ್ಲ

ಜಾಹೀರಾತಿನಲ್ಲಿ ‘ಆಪಲ್ ಗಿಡ’ ಎಂದಿದ್ದರೆ ಎರಡು ಸಲ ಓದಿ. ಆಪಲ್ ಬೋರೆ ಎಂಬುದು ದಪ್ಪ ಎಲಚಿ ಹಣ್ಣು. ವಾಟರ್ ಆಪಲ್ ಎಂಬುದು ನೇರಳೆಯ ದಾಯಾದಿ. ರೋಸ್ ಆಪಲ್ ಎಂದರೆ ಪನ್ನೇರಳೆ. ಕಸ್ಟರ್ಡ್ ಆಪಲ್ ಎಂದರೆ ನಮ್ಮ ಸೀತಾಫಲ. ಇವೆಲ್ಲ ಒಳ್ಳೆಯ ಗಿಡಗಳೇ, ನಮ್ಮ ಮಣ್ಣಿಗೆ ಒಗ್ಗುವಂಥವೇ. ಆದರೆ ಸೇಬಿನ ಚಿತ್ರ ಹಾಕಿ ಬೋರೆ ಕಳಿಸಿದವನು ‘ಆಪಲ್ ಅಂತಲೇ ಬರೆದಿದ್ದೆ ಸಾರ್’ ಎಂದು ಕೈ ತೊಳೆದುಕೊಂಡರೆ ನೀವು ಯಾರ ಹತ್ತಿರ ಹೋಗುತ್ತೀರಿ?

ಅಂದ ಹಾಗೆ, ಸೇಬಿನ ಬೀಜದಿಂದ ಎಬ್ಬಿಸಿದ ಸಸಿ ತಾಯಿಯ ಹಾಗೆಯೇ ಬರುವುದಿಲ್ಲ. ಹರಿಮನ್ ಶರ್ಮಾರಿಗೆ ಸಿಕ್ಕಿದ್ದು ಲಾಟರಿ. ಎಲ್ಲರ ಹಿತ್ತಿಲಲ್ಲೂ ಲಾಟರಿ ಹೊಡೆಯುವುದಿಲ್ಲ. ಕೊಂಡರೆ ಕಸಿ ಗಿಡವನ್ನೇ ಕೊಳ್ಳಬೇಕು.

ನರ್ಸರಿಯವನಿಗೆ ಕೇಳಬೇಕಾದ ಏಳು ಪ್ರಶ್ನೆ

ಈಗ ಮುಖ್ಯ ವಿಷಯಕ್ಕೆ ಬರೋಣ. ದುಡ್ಡು ಕಳಿಸುವ ಮುಂಚೆ ಇಷ್ಟನ್ನು ಕೇಳಿ. ಬಾಯಿ ಮಾತಿನಲ್ಲಿ ಬೇಡ, ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ವಾಟ್ಸ್ಯಾಪಿನಲ್ಲಾದರೂ ಸರಿ.

1. ತಳಿಯ ಹೆಸರೇನು? ಎಷ್ಟು ಗಂಟೆ ಚಳಿ ಬೇಕು? ಈ ಎರಡನೇ ಪ್ರಶ್ನೆಯೇ ಜರಡಿ. ಬಲ್ಲವನು ತಕ್ಷಣ ಒಂದು ಅಂಕಿ ಹೇಳುತ್ತಾನೆ. ‘ಎಲ್ಲಾ ಹವಾಮಾನಕ್ಕೂ ಆಗುತ್ತೆ, ಗ್ಯಾರಂಟಿ’ ಎಂದವನ ನಂಬರು ಅಳಿಸಿಬಿಡಿ. ಅನ್ನಾದಂಥ ತಳಿಗೂ ಪುಸ್ತಕದ ಲೆಕ್ಕದಲ್ಲಿ ನಮ್ಮ ಚಳಿ ಸಾಲದು. ಗ್ಯಾರಂಟಿ ಕೊಡುವ ಧೈರ್ಯ ಬಲ್ಲವನಿಗೆ ಇರುವುದಿಲ್ಲ.

2. ಯಾವ ಬೇರುಸಸಿಯ ಮೇಲೆ ಕಸಿ ಕಟ್ಟಿದ್ದು? ಸೇಬಿನ ಗಿಡ ಒಂದಲ್ಲ, ಎರಡು. ಮೇಲಿನದು ಹಣ್ಣಿನ ತಳಿ, ಕೆಳಗಿನದು ಬೇರಿನ ಗಿಡ. ಮರ ಎಷ್ಟು ಎತ್ತರ ಬೆಳೆಯಬೇಕು, ಬರ ತಡೆಯಬೇಕೋ ಬೇಡವೋ ಎಂಬುದರಲ್ಲಿ ಬೇರಿನ ಮಾತು ದೊಡ್ಡದು. ಎಂ-9 ಎಂಬುದು ಕುಳ್ಳ ಬೇರು, ಊರುಗೋಲಿಲ್ಲದೆ ನಿಲ್ಲದು, ನೀರಿನ ಉಪಚಾರ ಜಾಸ್ತಿ. ಎಂ.ಎಂ.-106 ಮಧ್ಯಮ, ಆದರೆ ನೀರು ನಿಲ್ಲುವ ಕಡೆ ಬುಡ ಕೊಳೆಯುವ ಭಯ. ಎಂ.ಎಂ.-111 ಬರ ತಡೆಯುವ ಗಟ್ಟಿ ಬೇರು. ಬೋರ್‌ವೆಲ್ ನಂಬಿಕೊಂಡ ನಮ್ಮ ಕೆಂಪು ಮಣ್ಣಿನವರು ಕೇಳಬೇಕಾದ್ದು ಇಂಥದ್ದನ್ನು.

3. ನೋಂದಣಿ ಇದೆಯೇ? ಹಿಮಾಚಲದಲ್ಲಿ ಹಣ್ಣಿನ ನರ್ಸರಿಗಳ ನೋಂದಣಿಗೆ ಕಾಯಿದೆಯೇ ಇದೆ. ರಾಷ್ಟ್ರೀಯ ತೋಟಗಾರಿಕಾ ಮಂಡಳಿಯೂ ನರ್ಸರಿಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುತ್ತದೆ. ಸರ್ಟಿಫಿಕೇಟಿನ ಫೋಟೋ ಕೇಳಿ. ಅದರಲ್ಲಿರುವ ಹೆಸರೂ ನೀವು ದುಡ್ಡು ಕಳಿಸುವ ಖಾತೆಯ ಹೆಸರೂ ಒಂದೇಯೇ ನೋಡಿ.

4. ಗಿಡ ನೀವೇ ಕಟ್ಟಿದ್ದೋ, ತಂದು ಮಾರುವುದೋ? ತಂದು ಮಾರುವುದು ತಪ್ಪಲ್ಲ. ಆದರೆ ಮೂಲ ಯಾರು ಎಂದು ಹೇಳಬೇಕು. ಮೂರು ಕೈ ದಾಟಿ ಬಂದ ಗಿಡದ ಚೀಟಿ ಎಲ್ಲಿ ಬದಲಾಯಿತೋ ಯಾರಿಗೂ ಗೊತ್ತಿರುವುದಿಲ್ಲ.

5. ಯಾವಾಗ ಕಳಿಸುತ್ತೀರಿ? ಚಳಿ ಪ್ರದೇಶದ ನರ್ಸರಿಗಳು ಡಿಸೆಂಬರಿನಿಂದ ಫೆಬ್ರವರಿವರೆಗೆ, ಗಿಡ ಮಲಗಿರುವಾಗ, ಮಣ್ಣಿಲ್ಲದ ಬರಿಬೇರಿನಲ್ಲಿ ಕಳಿಸುತ್ತವೆ. ನೋಡಿದರೆ ಒಣಕಡ್ಡಿ, ಆದರೆ ಪ್ರಯಾಣಕ್ಕೆ ಅದೇ ಸರಿ. ನಮಗೆ ಮಾರ್ಚಿಗೆ ಬಿಸಿಲು ಏರುತ್ತದೆ. ಹಾಗಾಗಿ ಜನವರಿಯೊಳಗೆ ಕೈಸೇರುವ ಹಾಗೆ ಹೇಳಿ. ಏಪ್ರಿಲ್‌ನಲ್ಲಿ ಹಸಿರೆಲೆ ಸಮೇತ ಎರಡು ಸಾವಿರ ಕಿಲೋಮೀಟರ್ ಕಳಿಸುತ್ತೇನೆ ಎಂದವನಿಗೆ ನಮಸ್ಕಾರ ಹೇಳಿ.

6. ಹೇಗೆ ಕಟ್ಟುತ್ತೀರಿ, ದಾರಿಯಲ್ಲಿ ಎಷ್ಟು ದಿನ? ಬೇರಿಗೆ ಒದ್ದೆ ಪಾಚಿ ಅಥವಾ ತೆಂಗಿನ ನಾರಿನ ಪುಡಿ ಮೆತ್ತಿ ಪ್ಲಾಸ್ಟಿಕ್ ಸುತ್ತಿರಬೇಕು. ಬೇರು ಒಣಗಿದರೆ ಕಥೆ ಮುಗಿಯಿತು.

7. ನಮ್ಮ ಕಡೆ ಯಾರ ತೋಟದಲ್ಲಿ ನಿಮ್ಮ ಗಿಡ ಹಣ್ಣು ಬಿಟ್ಟಿದೆ? ಹಿಮಾಚಲದ ಫೋಟೋ ಬೇಡ. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಎಲ್ಲಾದರೂ ಸರಿ, ಬಸ್ಸಿನಲ್ಲಿ ಹೋಗಿ ಕಣ್ಣಾರೆ ನೋಡುವ ಹಾಗಿರಬೇಕು. ಹೋದಾಗ ಗಿಡದ ವಯಸ್ಸು, ಎಲೆ ಕೀಳುವ ಕೂಲಿ, ಹಣ್ಣಿಗೆ ಸಿಕ್ಕ ಬೆಲೆ ಈ ಮೂರನ್ನೂ ತೋಟದವರನ್ನೇ ಕೇಳಿ. ಬಸ್ ಚಾರ್ಜು ನೂರಾರು ರೂಪಾಯಿ ಆದೀತು. ಉಳಿಯುವುದು ಸಾವಿರಾರು.

ಪಾರ್ಸಲ್ ಬಂದ ದಿನ

ಪೆಟ್ಟಿಗೆ ಬಿಚ್ಚುವಾಗ ಮಗನನ್ನೋ ಮಗಳನ್ನೋ ಮೊಬೈಲ್ ಹಿಡಿದು ವಿಡಿಯೋ ತೆಗೆಯಲು ಹೇಳಿ. ಮೇಲಿನ ವಿಳಾಸದ ಚೀಟಿಯಿಂದ ಹಿಡಿದು ಬೇರಿನ ತುದಿಯವರೆಗೆ ಬರಲಿ. ಪ್ರತಿ ಗಿಡಕ್ಕೂ ತಳಿಯ ಚೀಟಿ ಇದೆಯೇ ನೋಡಿ. ಕಸಿ ಗಂಟು ಬುಡದ ಹತ್ತಿರ ಸ್ಪಷ್ಟವಾಗಿ ಕಾಣಬೇಕು. ಗಂಟೇ ಇಲ್ಲದ ನೆಟ್ಟನೆಯ ಕಡ್ಡಿ ಬಂದಿದ್ದರೆ ಅದು ಬೀಜದ ಸಸಿಯೋ ಬರೀ ಬೇರುಸಸಿಯೋ ಇರಬೇಕು. ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ, ಕಂದಾಗಿದ್ದರೆ ಇಲ್ಲ. ಬೇರಿನಲ್ಲಿ ಗಂಟು ಗಂಟಾದ ಊತ ಇದ್ದರೆ, ಬಿಳಿ ಹತ್ತಿಯಂಥ ಹುಳು ಮೆತ್ತಿದ್ದರೆ ಹೊಲಕ್ಕೆ ಒಯ್ಯಲೇಬೇಡಿ.

ಬರಿಬೇರಿನ ಗಿಡವನ್ನು ಕೆಲವು ಗಂಟೆ ನೀರಿನಲ್ಲಿ ನೆನೆಸಿ ನೆಡಬೇಕು. ಗುಣಿ ಮೊದಲೇ ತೋಡಿ ಕೊಟ್ಟಿಗೆ ಗೊಬ್ಬರ ಬೆರೆಸಿಟ್ಟಿರಬೇಕು. ಕಸಿ ಗಂಟು ನೆಲದಿಂದ ನಾಲ್ಕಾರು ಅಂಗುಲ ಮೇಲೇ ಇರಲಿ. ಗಂಟು ಮಣ್ಣಿನಲ್ಲಿ ಹೂತರೆ ಮೇಲಿನ ತಳಿಯೇ ಬೇರು ಬಿಟ್ಟು ಕೆಳಗಿನ ಬೇರುಸಸಿಗೆ ಕೊಟ್ಟ ದುಡ್ಡು ದಂಡ. ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಚಿವುಟುತ್ತಿರಬೇಕು. ಬಿಟ್ಟರೆ ಅದೇ ಯಜಮಾನನಾಗಿ ಕೂರುತ್ತದೆ.

ಬಿಲ್ಲು ಇದ್ದವನಿಗೆ ಕಾನೂನು

ಬಿಲ್ಲು ಕೇಳಲು ಸಂಕೋಚ ಬೇಡ. ಅದರಲ್ಲಿ ತಳಿ, ಬೇರುಸಸಿ, ಸಂಖ್ಯೆ, ತಾರೀಖು ಬರೆಸಿ. ‘ಹಣ್ಣಿನ ಗಿಡ, 100’ ಎಂದಷ್ಟೇ ಬರೆದ ಬಿಲ್ಲು ಬರೀ ಕಾಗದ.

ಬಿತ್ತನೆ ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯಲ್ಲಿ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದ ಮೇಲೆ ಇನ್ನೊಂದು ಅನುಕೂಲವಾಗಿದೆ. ಮಾರಿದವನು ಹಿಮಾಚಲದಲ್ಲೇ ಇರಲಿ, ಉತ್ತರ ಪ್ರದೇಶದಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಮೊದಲು 1915 ನಂಬರಿಗೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಹೇಳಿಕೊಂಡು ನೋಡಬಹುದು.

ಇಲ್ಲೇ ಒಂದು ತೊಡಕು. ದೂರು ಕೊಡಲು ಕಾನೂನು ಕೊಟ್ಟಿರುವ ಗಡುವು ಎರಡು ವರ್ಷ. ಸೇಬು ತನ್ನ ಬಣ್ಣ ತೋರಿಸುವುದು ಮೂರನೇ ವರ್ಷ! ತಡವಾಗಿ ಗೊತ್ತಾಯಿತು ಎಂದು ವಾದಿಸಬಹುದು, ಆದರೆ ವಾದ ಎಂದರೆ ವಕೀಲರು, ವಕೀಲರು ಎಂದರೆ ಮತ್ತೆ ಬಸ್ ಚಾರ್ಜು. ಆದ್ದರಿಂದ ಸತ್ತ ಗಿಡದ, ಚೀಟಿ ಇಲ್ಲದ ಗಿಡದ ತಕರಾರನ್ನು ಬಂದ ವಾರದಲ್ಲೇ ಬರಹದಲ್ಲಿ ಕಳಿಸಿ. ತಳಿಯ ವಿಷಯದಲ್ಲಿ ಮಾತ್ರ ನಿಮ್ಮನ್ನು ಕಾಯುವುದು ಕೊಳ್ಳುವ ಮುಂಚಿನ ಎಚ್ಚರಿಕೆಯೇ ಹೊರತು ಕೊಂಡ ಮೇಲಿನ ಕೋರ್ಟಲ್ಲ.

ನೂರಲ್ಲ, ನಾಲ್ಕು

ದಿನಸಿ ಅಂಗಡಿಯ ಯಜಮಾನರಿಗೆ ಹೇಳಿದ್ದು ಇಷ್ಟೇ. “ಹೊಸ ಕಂಪನಿ ಸೋಪು ಬಂದರೆ ಮೊದಲು ಎಷ್ಟು ತಗೋತೀರಿ?”

“ಒಂದು ಡಜನ್ ಇಟ್ಟು ನೋಡ್ತೀನಿ. ಓಡಿದ್ರೆ ಕೇಸ್ ತರಿಸ್ತೀನಿ.”

“ಸೇಬಿಗೂ ಅದೇ ಲೆಕ್ಕ ಹಾಕಿ.”

ಅವರು ನಗಲಿಲ್ಲ. ಕ್ಯಾಲ್ಕುಲೇಟರ್ ತೆಗೆದು ಏನೋ ಒತ್ತಿ ನೋಡಿ ಸುಮ್ಮನಾದರು.

ನಾಲ್ಕು ಗಿಡ ತರಿಸಿ. ಎರಡು ಅನ್ನಾ, ಒಂದು ಡಾರ್ಸೆಟ್, ಒಂದು ಎಚ್.ಆರ್.ಎಂ.ಎನ್.-99. ಬಾವಿ ಪಕ್ಕವೋ ಮನೆ ಹಿಂದೆಯೋ ನೆಡಿ. ಎಲೆ ಕೀಳುವುದು ಹೇಗೆ, ನೀರು ಯಾವಾಗ ನಿಲ್ಲಿಸಬೇಕು, ಹಕ್ಕಿ, ಮಂಗ, ಹುಳು ಯಾವುದು ಬರುತ್ತದೆ ಎಂಬುದನ್ನು ಆ ನಾಲ್ಕು ಗಿಡವೇ ಕಲಿಸುತ್ತದೆ. ತಾಲ್ಲೂಕು ತೋಟಗಾರಿಕೆ ಕಚೇರಿಗೂ ಹೋಗಿ ಬನ್ನಿ. ನೆಲಮಂಗಲದವರಿಗಂತೂ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಪಕ್ಕದಲ್ಲೇ ಇದೆ. ಅರ್ಧ ಎಕರೆಗೆ ಬೇರೆ ಏನು ಹಾಕಬಹುದು ಎಂಬುದನ್ನೂ ಅಲ್ಲೇ ಕೇಳಿ. ದೇವನಹಳ್ಳಿ ಚಕ್ಕೋತ, ಬೆಂಗಳೂರು ಬ್ಲೂ ದ್ರಾಕ್ಷಿ ಎರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅವುಗಳಿಗೆ ಹಿಮಾಚಲದ ಚಳಿ ಬೇಕಿಲ್ಲ.

ನಾಲ್ಕು ಗಿಡ ಸತ್ತರೆ ಒಂದು ಸಾವಿರ ಚಿಲ್ಲರೆ ಹೋಯಿತು ಅಂದುಕೊಳ್ಳಿ, ನೂರು ಸತ್ತರೆ ಚೀಟಿಯೇ ಹೋಯಿತು. ನಾಲ್ಕರಲ್ಲಿ ಎರಡು ಚೆನ್ನಾಗಿ ಕಚ್ಚಿದರೆ ಮೂರು ವರ್ಷದ ಮೇಲೆ ನೂರು ತರಿಸಲು ಯಾರೂ ಬೇಡ ಅನ್ನುವುದಿಲ್ಲ. ಆಗ ಮನೆಯಾಕೆಯೂ ಬೇಡ ಅನ್ನಲಾರರು.

ಇಂದು ಸಂಜೆ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಆ ಕೆಂಪು ಹಣ್ಣಿನ ಚಿತ್ರ ಕಂಡರೆ, ಕೆಳಗಿನ ನಂಬರಿಗೆ ದುಡ್ಡು ಕಳಿಸುವ ಮುಂಚೆ ಒಂದೇ ಒಂದು ಸಾಲು ಬರೆದು ಕಳಿಸಿ: ‘ನಿಮ್ಮ ಗಿಡಕ್ಕೆ ಎಷ್ಟು ಗಂಟೆ ಚಳಿ ಬೇಕು?’ ಉತ್ತರ ಬಂದರೆ ಮಾತು ಮುಂದುವರಿಸಿ. ಬರದಿದ್ದರೆ ಅದೂ ಉತ್ತರವೇ.